ಸಾಹುಕಾರರ ಮುಂದೆ ನಿಲ್ಲುವ ಬಗೆ

ಕುಕನೂರು
೧೧ ನವೆಂಬರ್ ೧೯೪೧

ತಮ್ಮ ಉಮಾಪತಿಗೆ ಅಕ್ಕ ಶಂಕ್ರಮ್ಮನ ಆಶೀರ್ವಾದ. ನಾವಿಬ್ಬರೂ ಆರಾಮ. ಅವ್ವನ ಮೊಣಕಾಲು ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ನಿನ್ನೆ ನಮ್ಮ ಮನೆಗೆ ಯಾರು ಬಂದಿದ್ದರು ಹೇಳು ನೋಡೋಣ. ಹಂಪಣ್ಣ. ಹೆಣ್ಣುಮಕ್ಕಳ ಸಾಲೆಯ ಸೆಕ್ರೆಟರಿ ಹಂಪಣ್ಣನೇ. ಏಳು ವರ್ಷದಿಂದ ನಮ್ಮ ಓಣಿ ತುಳಿಯದವನು ಜಗಲಿಯ ಮೇಲೆ ಕುಳಿತು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ನೀರು ಕೇಳಿ ಕುಡಿದ. ನಾನು ಹೊಲಿಯುತ್ತಿದ್ದ ಕೌದಿಯನ್ನು ಕೆಳಗಿಡಲಿಲ್ಲ.

"ಶಂಕ್ರವ್ವ, ನಿನ್ನ ತಮ್ಮ ಕೊಪ್ಪಳದಾಗ ಅಂದಪ್ಪ ಸಾಹುಕಾರ್ರ ಹತ್ತಿ ಜಿನ್ನಿನೊಳಗ ಐದು ವರ್ಷ ಗುಮಾಸ್ತಕಿ ಮಾಡ್ಯಾನ. ಅವರ ಸ್ವಭಾವ ಅವಗ ಗೊತ್ತೈತಿ. ನಮ್ಮ ಗವಿಸಿದ್ದಪ್ಪ ಓದು ಮುಗಿಸ್ಯಾನ. ಸಂಕ್ರಾಂತಿಗೆ ಅಲ್ಲಿ ಒಬ್ಬ ಗುಮಾಸ್ತನ್ನ ತಗೋತಾರಂತ. ಹ್ಯಾಂಗ ನಿಂದರಬೇಕು, ಹ್ಯಾಂಗ ಮಾತಾಡಬೇಕು, ಅರ್ಜಿ ಹ್ಯಾಂಗ ಬರೀಬೇಕು, ನಾಕು ಮಾತು ಬರದು ಕಳಸು ಅನ್ನು. ಸಾಹುಕಾರ್ರಿಗೆ ಶಿಫಾರಸು ಅಂದ್ರ ಆಗಿಬರೂದಿಲ್ಲ, ನಾ ಹೇಳಿದ್ರ ಅರ್ಜೀನ ಹರದು ಒಗೀತಾರ" ಎಂದ.

ಪತ್ರ ತನ್ನ ಮನೆಗೆ ಬರುವುದು ಬೇಡವಂತೆ. ಸೆಕ್ರೆಟರಿಯ ಮಗ ಮಂದಿಯ ಹತ್ತಿರ ಕಲಿಯುತ್ತಾನೆ ಎಂದು ಊರು ಆಡಿಕೊಳ್ಳುತ್ತದಂತೆ. ನಮ್ಮ ಮನೆಗೇ ಬರಲಿ, ಹುಡುಗ ಬಂದು ಒಯ್ಯುತ್ತಾನೆ ಎಂದ.

ತಾನು ನನಗೆ ಮಾಡಿದ್ದು ಅವನಿಗೆ ನೆನಪೇ ಇಲ್ಲ ಉಮಾಪತಿ. ಮುಚ್ಚಿಡುತ್ತಿರಬಹುದೆಂದು ಕಣ್ಣು ನೋಡಿದೆ. ನಿಜಕ್ಕೂ ಇಲ್ಲ. ಹೊಡೆದವರು ಮರೆಯುತ್ತಾರೆ, ಹೊಡೆಸಿಕೊಂಡವರು ಮರೆಯುವುದಿಲ್ಲ.

ಇನ್ನೊಂದು ಸುದ್ದಿ. ಸಾಲೆಯಲ್ಲಿ ಕಲಿಸುವ ಅವನ ತಮ್ಮನ ಹೆಂಡತಿ ಕಳಕಮ್ಮ ಬೇಸಿಗೆಗೆ ಗಂಡನೊಂದಿಗೆ ಗದಗಿಗೆ ಹೋಗುತ್ತಾಳಂತೆ. ಸಾಲೆಯ ಕೆಲಸ ಮತ್ತೆ ಖಾಲಿಯಾಗುತ್ತದೆ. ಆ ಜಾಗಕ್ಕೆ ತನ್ನ ಅಕ್ಕನ ಮಗಳನ್ನು ತರುವ ವಿಚಾರ ಅವನದು.

ಆಗಲಿ, ತಮ್ಮನಿಗೆ ಬರೆಯುತ್ತೇನೆ ಎಂದಿದ್ದೇನೆ. ಹುಡುಗನಿಗೆ ಏನು ಬರೆಯಬೇಕೋ ನಿನಗೆ ಬಿಟ್ಟಿದ್ದು.

ನಿನ್ನ ಅಕ್ಕ
ಶಂಕ್ರಮ್ಮ

ಗಂಗಾವತಿ
೧೭ ನವೆಂಬರ್ ೧೯೪೧

ಅಕ್ಕಾ, ನಿನಗೂ ಅವ್ವನಿಗೂ ಉಮಾಪತಿಯ ನಮಸ್ಕಾರ.

ನಿನ್ನ ಪತ್ರ ಓದಿದ ಮೇಲೆ ಈ ಅಕ್ಕಿ ಗಿರಣಿಯ ಗಡಗಡ ಸದ್ದು ಕೂಡ ನನಗೆ ವಾಲಗದ ಹಾಗೆ ಕೇಳಿತು. ದೇವರಿದ್ದಾನೆ ಅಕ್ಕಾ! ಹಂಪಣ್ಣ ತಾನಾಗಿ ನಡೆದು ಬಂದು ಕೈಗೆ ಸಿಕ್ಕಿದ್ದಾನೆ.

ಅವನು ಮರೆತರೆ ಮರೆಯಲಿ. ನನಗಾಗ ಹದಿನೇಳು ವರ್ಷ, ಪ್ರತಿ ಮಾತೂ ನೆನಪಿದೆ. ಗಂಡನನ್ನು ಕಳೆದುಕೊಂಡು ನೀನು ಮನೆಗೆ ಬಂದು ಎರಡು ವರ್ಷವಾಗಿತ್ತು. ಸೋದರಮಾವನ ಮನೆಯಲ್ಲಿದ್ದು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹೆಣ್ಣುಮಗಳು ಊರಲ್ಲಿ ನೀನೊಬ್ಬಳೇ. ಸಾಲೆಯ ಅಧ್ಯಕ್ಷರಾದ ಅಂದಪ್ಪ ಸಾಹುಕಾರರು ನಿನ್ನನ್ನು ನೋಡಲು ಬರುವ ದಿನ ಮುಂಜಾನೆ ಈ ಹಂಪಣ್ಣ ಬಂದು ಹೇಳಿದ್ದೇನು? "ತಂಗಿ, ಸಾಹುಕಾರ್ರು ಹಳೇ ಕಾಲದವರು. ಗಂಡ ಸತ್ತಾಕಿ ಬಾಯಿ ತಗದ್ರ ಅವರಿಗೆ ಆಗಿಬರೂದಿಲ್ಲ. ತಲಿ ತಗ್ಗಿಸಿ ನಿಂದ್ರು. ಏನ ಕೇಳಿದ್ರೂ ನಿನ್ನ ಪರವಾಗಿ ನಾ ಹೇಳತೇನಿ."

ನೀನು ನಂಬಿದೆ. ನಮ್ಮಲ್ಲಿ ಯಾರಿದ್ದರೂ ನಂಬುತ್ತಿದ್ದರು. ಮಕ್ಕಳಿಗೆ ಏನು ಕಲಿಸುತ್ತೀ ಎಂದು ಸಾಹುಕಾರರು ಮೂರು ಸಲ ಕೇಳಿದರು. ನೀನು ಸೆರಗು ಹೊದ್ದು ನೆಲ ನೋಡುತ್ತ ನಿಂತೆ. ಆಗ ಅವನೇ ಎದ್ದು, "ಈಕೀಗೆ ಮಾತ ಬರೂದಿಲ್ರಿ, ಮಕ್ಕಳ ಮುಂದ ಹ್ಯಾಂಗ ನಿಂತಾಳು" ಎಂದ. ಹಿಂದೆಯೇ ಕಳಕಮ್ಮ ಬಂದು ಬಾಯಿಪಾಠ ಮಾಡಿಸಿದ್ದನ್ನು ಪಟಪಟ ಒಪ್ಪಿಸಿದಳು. ಅಂದಿನಿಂದ ನೀನು ಊರಿಗೆ ಮೂಕ ಶಂಕ್ರವ್ವ.

ಮರುವರ್ಷ ನಾನು ಅದೇ ಸಾಹುಕಾರರ ಜಿನ್ನಿಗೆ ಸೇರಿದಾಗಲೇ ಗೊತ್ತಾದದ್ದು, ಅವರಿಗೆ ಆಗದೇ ಇರುವುದು ಬಾಯಿ ಬಿಡದ ಮನುಷ್ಯರು ಎಂದು. ಅವರಿಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ. ನೀನೇ ಬೇಡವೆಂದೆ. ಒಡಹುಟ್ಟಿದವನ ಮಾತನ್ನು ಯಾರು ಸಾಕ್ಷಿ ಎನ್ನುತ್ತಾರೆ ಎಂದೆ.

ಈಗ ಸಾಕ್ಷಿ ಗೀಕ್ಷಿ ಬೇಡ. ಅವನು ಕುಡಿಸಿದ ಕಷಾಯವನ್ನೇ ಅವನ ಮಗನಿಗೆ ಕುಡಿಸುತ್ತೇನೆ. ಹುಡುಗನಿಗೆ ಕೊಡಬೇಕಾದ ಪತ್ರ ಇದರೊಳಗೇ ಇದೆ. ನೀನೂ ಓದಿ ನಗು. ಅದರಲ್ಲಿ ಹೀಗೆ ಬರೆದಿದ್ದೇನೆ:

"ಒಳಗೆ ಹೋದ ಕೂಡಲೇ ಕೂತುಬಿಡು, ನಿಂತವನನ್ನು ಸಾಹುಕಾರರು ಆಳೆಂದು ತಿಳಿಯುತ್ತಾರೆ. ಏನು ಕೇಳಿದರೂ ಗೊತ್ತು ಅನ್ನು. ಅರ್ಜಿಯಲ್ಲಿ ಒಂದು ಪುಟ ತುಂಬ ಅವರನ್ನು ಹೊಗಳು, ಕೆಲಸದ ಮಾತು ಕೊನೆಯ ಸಾಲಿನಲ್ಲಿ ಇರಲಿ. ಅವರು ಹೇಳಿ ಬರೆಸಿದ್ದನ್ನು ತಿರುಗಿ ಕೇಳಬೇಡ, ಕೇಳುವವನು ದಡ್ಡ ಎಂಬುದು ಅವರ ಎಣಿಕೆ."

ಎಲ್ಲ ತಲೆಕೆಳಗು ಅಕ್ಕಾ. ಹುಡುಗ ಹೊಸ್ತಿಲು ದಾಟಿ ಹೊರಗೆ ಬೀಳಲು ಐದು ನಿಮಿಷ ಸಾಕು.

ನಿನ್ನ ತಮ್ಮ
ಉಮಾಪತಿ

ಕುಕನೂರು
೨ ಡಿಸೆಂಬರ್ ೧೯೪೧

ಉಮಾಪತಿ,

ಪತ್ರ ಮುಟ್ಟಿತು. ಹುಡುಗ ಬಂದು ಕಣ್ಣಿಗೊತ್ತಿಕೊಂಡು ಒಯ್ದ. ಇಪ್ಪತ್ತರ ಹುಡುಗ, ಮೀಸೆ ಈಗ ಚಿಗುರುತ್ತಿದೆ, ನನ್ನ ಮುಂದೆ ನಿಂತು ಮಾತಾಡಲಿಕ್ಕೂ ಬೆವರುತ್ತಾನೆ. ಅಪ್ಪನ ಮೂಗು, ಆದರೆ ಅಪ್ಪನ ನಾಲಗೆ ಬಂದಿಲ್ಲ.

ನೀನು ಬರೆದದ್ದು ಸಾಲದು. ಎಲ್ಲ ತಲೆಕೆಳಗು ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀ. ಸಾಹುಕಾರರು ನಿಜಕ್ಕೂ ಏನು ಕೇಳುತ್ತಾರೆ, ಹೇಗೆ ಪರೀಕ್ಷೆ ಮಾಡುತ್ತಾರೆ, ಯಾವುದಕ್ಕೆ ಸಿಟ್ಟಾಗುತ್ತಾರೆ, ಯಾವುದಕ್ಕೆ ಮೆಚ್ಚುತ್ತಾರೆ, ಒಂದೂ ಬಿಡದೆ ಬರೆ. ಹಂಪಣ್ಣನ ಮಗ ಎಲ್ಲೆಲ್ಲಿ ಮುಗ್ಗರಿಸುತ್ತಾನೆಂದು ನಾನು ಇಲ್ಲಿ ಕೂತು ಕಣ್ಣಾರೆ ಕಂಡ ಹಾಗೆ ಆಗಬೇಕು. ಏಳು ವರ್ಷ ಕಾದವಳಿಗೆ ಇಷ್ಟೂ ಮಾಡಲಾರೆಯಾ?

ಅವ್ವನಿಗೆ ಈ ವಿಷಯ ಹೇಳಿಲ್ಲ. ನೀನೂ ಹೇಳಬೇಡ.

ಶಂಕ್ರಮ್ಮ

ಗಂಗಾವತಿ
೧೦ ಡಿಸೆಂಬರ್ ೧೯೪೧

ಅಕ್ಕಾ,

ನಿನ್ನ ಹೊಟ್ಟೆಯಲ್ಲಿ ಇಷ್ಟು ಕಿಚ್ಚಿದೆಯೆಂದು ನನಗೆ ಗೊತ್ತಿರಲಿಲ್ಲ. ಓದಿ ಭಾಳ ಸಂತೋಷವಾಯಿತು. ಕೇಳು.

ಅಂದಪ್ಪ ಸಾಹುಕಾರರು ಅರ್ಜಿಯ ಮೊದಲ ಎರಡು ಸಾಲು ಮಾತ್ರ ಓದುತ್ತಾರೆ. ಯಾರು, ಏನು ಕಲಿತಿದ್ದಾನೆ, ಏನು ಬೇಕು, ಅಷ್ಟು ಅಲ್ಲಿರಬೇಕು. ಹೊಗಳಿಕೆ ಕಂಡರೆ ಆ ಕಾಗದದಿಂದ ಲೇಖನಿಯ ಮಸಿ ಒರೆಸುತ್ತಾರೆ. ಆಮೇಲೆ ಒಂದು ಪತ್ರ ಹೇಳಿ ಬರೆಸುತ್ತಾರೆ. ಅದರಲ್ಲೇ ಇದೆ ಮಜಾ. ಮೊದಲ ಸಾಲಿನಲ್ಲಿ ಹತ್ತಿಯ ಮೂಟೆಗಳನ್ನು ಗದಗಿಗೆ ಕಳಿಸಿ ಎನ್ನುತ್ತಾರೆ, ಕೊನೆಯಲ್ಲಿ ಗುಂತಕಲ್ಲಿಗೆ ಮುಟ್ಟಿದ ಕೂಡಲೇ ತಿಳಿಸಿ ಎನ್ನುತ್ತಾರೆ. ಬೇಕೆಂದೇ! ಬರೆಯುವವನು ಲೇಖನಿ ಎತ್ತಿ, ಯಾವ ಊರು ಎಂದು ಕೇಳಬೇಕು. ಕೇಳದೆ ಬರೆದುಕೊಟ್ಟವನಿಗೆ ಅಲ್ಲಿಂದಲೇ ಶರಣು.

ಮೂರನೆಯದು, ಅಂಗಳದಲ್ಲಿ ಹತ್ತಿ ಒಣಹಾಕುವ ಹುಲಿಗವ್ವನ ಹತ್ತಿರ ಏನೋ ಕೇಳಿಕೊಂಡು ಬಾ ಎಂದು ಕಳಿಸುತ್ತಾರೆ. ತಾವು ಕಿಟಕಿಯಲ್ಲಿ ನಿಂತು ನೋಡುತ್ತಾರೆ. ಕೂಲಿಯವರೊಂದಿಗೆ ನೆಟ್ಟಗೆ ಮಾತಾಡದವನು ಗಿರಾಕಿಯೊಂದಿಗೆ ಏನು ಮಾತಾಡಿಯಾನು ಎಂಬುದು ಅವರ ಮಾತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದರೆ ಅವರಿಗೆ ಖುಷಿ. ಐದು ವರ್ಷ ಇದೆಲ್ಲ ಬೈಸಿಕೊಂಡು ಕಲಿತವನು ನಾನು.

ಹುಡುಗನಿಗೆ ಎರಡನೆಯ ಪತ್ರ ಇದರೊಳಗಿದೆ. ಹುಲಿಗವ್ವನನ್ನು ಗದರಿಸಿ ಮಾತಾಡಿಸು, ಸಾಹುಕಾರರಿಗೆ ಹುರುಪಿನವರು ಬೇಕು ಎಂದು ಬರೆದಿದ್ದೇನೆ. ಹುಲಿಗವ್ವ ಕಸಬರಿಗೆ ಎತ್ತಿದರೂ ಆಶ್ಚರ್ಯವಿಲ್ಲ.

ಉಮಾಪತಿ

ಕುಕನೂರು
೨೦ ಜನವರಿ ೧೯೪೨

ಉಮಾಪತಿ,

ಹುಡುಗನನ್ನು ತೆಗೆದುಕೊಂಡರು.

ನಿನ್ನೆ ಬಂದು ಹೇಳಿದ. ಹೋಗಿ ನಿಂತನಂತೆ, ಕೂಡು ಎಂದ ಮೇಲೆ ಕೂತನಂತೆ. ಪತ್ರ ಬರೆಯುವಾಗ ಗದಗೋ ಗುಂತಕಲ್ಲೋ ಎಂದು ಕೇಳಿದನಂತೆ. ಸಾಹುಕಾರರು ಕನ್ನಡಕ ಮೇಲೆತ್ತಿ, "ಇವನ್ನ ನೋಡ್ರಿ, ಕಿವಿ ಐತಿ ಇವಗ" ಎಂದರಂತೆ. ಹುಲಿಗವ್ವನನ್ನು "ಯವ್ವಾ" ಎಂದು ಮಾತಾಡಿಸಿದನಂತೆ.

ಎಲ್ಲಿ ತಪ್ಪಿತೋ ನನಗೆ ತಿಳಿಯದು. ನಿನ್ನ ಪತ್ರ ಸರಿಯಾಗಿ ಓದಲಿಲ್ಲವೋ, ಹೆದರಿ ಎಲ್ಲ ಮರೆತನೋ. ಇರಲಿ, ಕೆಲಸಕ್ಕೆ ಸೇರಿದವನು ಬೀಳುವುದು ಇನ್ನೂ ಸುಲಭ. ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಬರೆದು ಕಳಿಸು. ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದಾಗ ಒಯ್ಯುತ್ತಾನೆ.

ಶಂಕ್ರಮ್ಮ

ಗಂಗಾವತಿ
೨೬ ಜನವರಿ ೧೯೪೨

ಅಕ್ಕಾ,

ಹೆದರಿ ಮರೆತವನು ತಪ್ಪು ಮಾಡುತ್ತಾನೆಯೇ ಹೊರತು, ಎಲ್ಲವನ್ನೂ ನಾನು ಹೇಳಿದ್ದರ ತದ್ವಿರುದ್ಧವಾಗಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾಡಿ ಮುಗಿಸುತ್ತಾನೆಯೇ? ಎರಡು ದಿನ ನನಗೆ ಊಟ ಸೇರಲಿಲ್ಲ. ಇಲ್ಲಿ ನಮ್ಮ ಮಾಲೀಕರು ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಏನು ಹೇಳಲಿ?

ಈ ಸಲ ಬಿಡುವುದಿಲ್ಲ. ಇದರೊಳಗಿನ ಪತ್ರದಲ್ಲಿ ಬರೆದಿದ್ದೇನೆ: ತಪ್ಪಾದರೆ ಬಾಯಿ ಬಿಡಬೇಡ, ಮುಚ್ಚಿಹಾಕು, ಸಿಕ್ಕಿಬಿದ್ದರೆ ಮಗ್ಗುಲಿನವನ ಹೆಸರು ಹೇಳು. ಅಂದಪ್ಪ ಸಾಹುಕಾರರು ಏನನ್ನಾದರೂ ಸಹಿಸಿಯಾರು, ಇದನ್ನಲ್ಲ. ತಪ್ಪು ಮಾಡದ ಹೊಸ ಗುಮಾಸ್ತ ಇನ್ನೂ ಹುಟ್ಟಿಲ್ಲ.

ಉಮಾಪತಿ

ಕುಕನೂರು
೮ ಮಾರ್ಚ್ ೧೯೪೨

ಉಮಾಪತಿ,

ನಡುವೆ ನಿನ್ನ ಎರಡು ಪತ್ರ ಬಂದವು, ಉತ್ತರ ಬರೆಯಲಿಲ್ಲ. ಬರೆಯುವಂಥ ಸುದ್ದಿ ಇರಲಿಲ್ಲ.

ಹುಡುಗ ಫೆಬ್ರವರಿಯಲ್ಲಿ ಹುಬ್ಬಳ್ಳಿಯ ಪತ್ರವನ್ನು ಬಳ್ಳಾರಿಗೂ ಬಳ್ಳಾರಿಯದನ್ನು ಹುಬ್ಬಳ್ಳಿಗೂ ಹಾಕಿಬಿಟ್ಟನಂತೆ. ಗೊತ್ತಾದ ಕೂಡಲೇ ತಾನೇ ಹೋಗಿ ಸಾಹುಕಾರರಿಗೆ ಹೇಳಿ, ಎರಡೂ ಕಡೆಗೆ ತಂತಿ ಕೊಡಿಸಿದನಂತೆ. ಬೈದರಂತೆ, ಆಮೇಲೆ ಪತ್ರವ್ಯವಹಾರವೆಲ್ಲ ಅವನ ಕೈಗೇ ಕೊಟ್ಟರಂತೆ.

ಹಂಪಣ್ಣ ಊರಿಗೆಲ್ಲ ಸಕ್ಕರೆ ಹಂಚಿದ. ನಮ್ಮ ಮನೆಗೂ ತಂದ. ಜಗಲಿಯ ಮೇಲೆ ನಿಂತು ಏನೆಂದ ಗೊತ್ತೇ? "ನೋಡವಾ ಶಂಕ್ರವ್ವ, ಮಾತು ಅನ್ನೂದು ಭಾಳ ದೊಡ್ಡದು. ನೀನೂ ಅವತ್ತ ಸಾಹುಕಾರ್ರ ಮುಂದ ನಾಕು ಮಾತ ಆಡಿದ್ದಿ ಅಂದ್ರ ಇವತ್ತ ಸಾಲ್ಯಾಗ ಇರತಿದ್ದಿ."

ಸಕ್ಕರೆ ಒಳಗಿಟ್ಟೆ. ಇರುವೆಗೆ ಹಾಕಿದೆ. ಅವನ ಮುಖಕ್ಕೆ ಹೇಳಿಬಿಡಬೇಕೆಂದು ನಾಲಗೆಯ ತುದಿಗೆ ಬಂದಿತ್ತು, ನುಂಗಿದೆ. ಇನ್ನೂ ಸ್ವಲ್ಪ ತಾಳು. ಏನನ್ನೂ ಅವಸರದಿಂದ ಮಾಡಬೇಡ.

ಶಂಕ್ರಮ್ಮ

ಗಂಗಾವತಿ
೧೫ ಮಾರ್ಚ್ ೧೯೪೨

ಅಕ್ಕಾ,

ಅವನು ಹಾಗೆ ಅಂದನೇ? ನಿನ್ನ ಜಗಲಿಯ ಮೇಲೆ ನಿಂತು ಅಂದನೇ? ನೀನು ತಾಳು ಎನ್ನುತ್ತೀ. ತಾಳಿ ತಾಳಿ ನಿನಗೆ ಅದೇ ರೂಢಿಯಾಗಿದೆ. ನಿನ್ನಿಂದ ಆಗುವುದಿಲ್ಲ, ಬಿಡು. ಹಗೆ ತೀರಿಸುವುದು ಗಂಡಸರ ಕೆಲಸ.

ನಾನು ಒಂದು ಕೆಲಸ ಮಾಡಿದ್ದೇನೆ. ಏನೆಂದು ಹೇಳುವುದಿಲ್ಲ. ಈ ತಿಂಗಳು ಮುಗಿಯುವುದರೊಳಗೆ ಹಂಪಣ್ಣನ ಮಗ ಗಂಟುಮೂಟೆ ಕಟ್ಟಿಕೊಂಡು ಕುಕನೂರಿಗೆ ಬರುತ್ತಾನೆ. ಆಗ ನೀನೇ ಸಕ್ಕರೆ ಹಂಚು.

ಉಮಾಪತಿ

ಕುಕನೂರು
೨ ಏಪ್ರಿಲ್ ೧೯೪೨

ಉಮಾಪತಿ,

ನೀನು ಮಾಡಿದ ಕೆಲಸ ಏನೆಂದು ಗೊತ್ತಾಯಿತು. ನಿಧಾನವಾಗಿ ಓದು, ನಡುವೆ ಹರಿದು ಒಗೆಯಬೇಡ.

ಗವಿಸಿದ್ದಪ್ಪ ಜಿನ್ನಿನ ಪತ್ರಗಳನ್ನು ನಕಲು ಮಾಡಿ ಬೇರೆ ಜಿನ್ನಿನವರಿಗೆ ಕೊಡುತ್ತಾನೆ ಎಂದು ನೀನು ಸಾಹುಕಾರರಿಗೆ ಹೆಸರಿಲ್ಲದ ಪತ್ರ ಹಾಕಿದ್ದೀ. ಎಡಗೈಯಲ್ಲಿ ಬರೆದಿದ್ದೀ. ಅಷ್ಟು ಜಾಣತನ ಮಾಡಿ, ಕಾಗದವನ್ನು ಮಾತ್ರ ಅವರ ಜಿನ್ನಿನಲ್ಲಿ ಮಡಿಸುವ ಹಾಗೇ ಮೂರು ಮಡಿಕೆ ಮಾಡಿ, ಮೇಲಿನ ಮೂಲೆಯನ್ನು ಒಳಕ್ಕೆ ತಿರುವಿದ್ದೀ. ಐದು ವರ್ಷದ ಕೈರೂಢಿ, ನಿನಗೇ ತಿಳಿದಿರಲಿಕ್ಕಿಲ್ಲ. ಸಾಹುಕಾರರು ಲಕೋಟೆ ಒಡೆದವರೇ ಅಂದರಂತೆ, "ಅಕ್ಷರ ಯಾವ ಕೈಲೆ ಬರದಾನೋ ಏನೋ, ಮಡಿಕಿ ನಾ ಕಲಿಸಿದ್ದು. ಲಕೋಟಿ ಮ್ಯಾಲ ಗಂಗಾವತಿ ಅಂಚಿ ಶಿಕ್ಕಾ ಐತಿ. ಇದು ಉಮಾಪತೀದು."

ಹುಡುಗ ಸಾಹುಕಾರರು ಕೊಟ್ಟ ಆ ಪತ್ರ ಹಿಡಿದು ನನ್ನ ಹತ್ತಿರ ಬಂದ. "ನನಗ ಎಲ್ಲಾ ಕಲಿಸಿದಾವ್ರು ಹೀಂಗ ಯಾಕ ಬರದ್ರರಿ ಅಕ್ಕಾರ?" ಎಂದು ಅತ್ತ. ಅವನಿಗೆ ಕಲಿಸಿದವನು ನೀನಲ್ಲ ಉಮಾಪತಿ. ನಾನು.

ನಿನ್ನ ಒಂದು ಪತ್ರವನ್ನೂ ನಾನು ಅವನಿಗೆ ಕೊಟ್ಟಿಲ್ಲ. ತಮ್ಮನ ಅಕ್ಷರ ನಿನಗೆ ತಿಳಿಯದು, ಶುದ್ಧಪ್ರತಿ ಮಾಡಿಕೊಡುತ್ತೇನೆ ಎಂದು ಹೇಳಿ ಬೇರೆಯೇ ಬರೆದುಕೊಟ್ಟೆ. ಸಾಹುಕಾರರ ಪರೀಕ್ಷೆಗಳನ್ನೆಲ್ಲ ನಿನ್ನಿಂದ ಬರೆಸಿಕೊಂಡದ್ದು ಅದಕ್ಕೇ. ಕೌದಿಯ ರಾಶಿಯ ಮೇಲೆ ನಾನು ಸಾಹುಕಾರರಾಗಿ ಕೂತು ಅವನನ್ನು ಹತ್ತಾರು ಸಲ ಒಳಗೆ ಕರೆದೆ, ಹೊರಗೆ ಕಳಿಸಿದೆ. ಧ್ವನಿ ಎತ್ತಿಸಿದೆ, ಇಳಿಸಿದೆ. ಅರ್ಜಿಯನ್ನು ಎಂಟು ಸಲ ಬರೆಸಿದೆ. ಅವ್ವ ಹುಲಿಗವ್ವನ ಪಾತ್ರ ಮಾಡಿದಳು, ಚೆನ್ನಾಗಿಯೇ ಬೈದಳು.

ನನ್ನನ್ನು ಪುಣ್ಯಾತ್ಮಳೆಂದು ತಿಳಿಯಬೇಡ. ಡಿಸೆಂಬರಿನಲ್ಲಿ ಒಂದು ದಿನ ಹುಡುಗ ತಲೆ ತಗ್ಗಿಸಿ, "ಅಕ್ಕಾರ, ನಿಮಗ ಮಾತಾಡಬ್ಯಾಡ ಅಂತ ಹೇಳಿ ಬಂದೇನಿ ಅಂತ ನಮ್ಮಪ್ಪ ಊಟಕ್ಕ ಕುಂತಾಗ ನಕ್ಕೋತ ಹೇಳಿದ್ದರಿ. ನಾ ಸಣ್ಣಾಂವ ಇದ್ದೆ, ಕೇಳಿಸಿಕೊಂಡಿದ್ದೆ" ಎಂದ. ಅಂದು ನನಗೆ ಬೇಕಾದ ಸಾಕ್ಷಿ ಸಿಕ್ಕಿತು, ದಾರಿ ನಿಶ್ಚಯವಾಯಿತು. ಅವನಿಗೆ ಕಲಿಸಿದ ಎಲ್ಲದಕ್ಕಿಂತ ಒಂದನ್ನು ಹೆಚ್ಚು ತಿದ್ದಿದೆ: ಸಾಹುಕಾರರು ಕೇಳಿದರೆ ಸುಳ್ಳು ಹೇಳಬೇಡ, ಯಾರಿಗೆ ನೋವಾದರೂ ಹೇಳಬೇಡ. ಅವನ ಮಾತಿಗೆ ಅಲ್ಲಿ ಬೆಲೆ ಬರಲಿ ಎಂದು ಕಾದೆ. ಇನ್ನೂ ಎರಡು ತಿಂಗಳು ಕಾಯುವವಳಿದ್ದೆ. ನಿನ್ನ ಜಾಣತನದಿಂದ ಈಗಲೇ ಹೋಗಬೇಕಾಯಿತು.

ಹುಡುಗನನ್ನು ಕರೆದುಕೊಂಡು ಚಕ್ಕಡಿಯಲ್ಲಿ ಬನ್ನಿಕೊಪ್ಪಕ್ಕೆ ಹೋಗಿ ರೈಲು ಹತ್ತಿದೆ. ಸಾಹುಕಾರರ ಮುಂದೆ ನಿನ್ನ ಪತ್ರಗಳನ್ನು ಒಂದು ಕಡೆ, ನನ್ನವನ್ನು ಒಂದು ಕಡೆ ಇಟ್ಟೆ. ಅವರು ಓದಿದರು.

"ಈ ಕಡೀವು ಯಾರು ಬರದಾರ?"

"ನನ್ನ ತಮ್ಮರಿ."

"ಈ ಕಡೀವು?"

"ನಾನರಿ."

"ನೀ ಕುಕನೂರಿನ ಆ ಮೂಕ ಹೆಣ್ಣುಮಗಳಲ್ಲೇನು? ಅವತ್ತ ಯಾಕ ಬಾಯಿ ಬಿಡಲಿಲ್ಲ?"

"ಬಿಟ್ರ ನಿಮಗ ಸಿಟ್ಟು ಬರತೈತಿ ಅಂತ ನಿಮ್ಮ ಸೆಕ್ರೆಟರಿ ಹೇಳಿದ್ರರಿ. ನಾ ಹೇಳಿದ್ದು ನಂಬಬ್ಯಾಡ್ರಿ. ಅವರ ಮಗ ಇಲ್ಲೇ ಅದಾನ, ಕೇಳ್ರಿ."

ಸಾಹುಕಾರರು ಅವನತ್ತ ತಿರುಗಿದರು. ಹುಡುಗ ನನ್ನನ್ನು ನೋಡಿದ. ಅವನ ಮುಖ ನೋಡಿ ನನಗೆ ಸಂಕಟವಾಯಿತು ಉಮಾಪತಿ. ಬೇಡ ಎಂದು ಒಂದು ಸನ್ನೆ ಮಾಡಿದ್ದರೆ ಅವನು ಸುಮ್ಮನಾಗುತ್ತಿದ್ದ. ನಾನು ಮಾಡಲಿಲ್ಲ. "ಖರೇ ಐತ್ರಿ. ನಮ್ಮಪ್ಪನ ಹೇಳಿದ್ದು" ಎಂದ, ನಾನು ಕಲಿಸಿದ ಹಾಗೆ, ಗಟ್ಟಿಯಾಗಿ, ತಡವರಿಸದೆ.

ನಿನ್ನ ವಿಷಯ. ಸಾಹುಕಾರರು ಗಂಗಾವತಿಯ ನಿನ್ನ ಮಾಲೀಕರಿಗೆ ಬರೆಯುವವರಿದ್ದರು. ನಾನು ಬೇಡಿಕೊಂಡೆ. ನೀನು ಕೊಪ್ಪಳಕ್ಕೆ ಬಂದು ಗವಿಸಿದ್ದಪ್ಪನಲ್ಲಿ ತಪ್ಪಾಯಿತು ಎನ್ನಬೇಕು, ಅದಕ್ಕೆ ನಾನು ಒಪ್ಪಿ ಬಂದಿದ್ದೇನೆ. ಹೋಗಿ ಬಾ.

ನಿನ್ನ ಅಕ್ಕ
ಶಂಕ್ರಮ್ಮ

ಗಂಗಾವತಿ
೯ ಏಪ್ರಿಲ್ ೧೯೪೨

ಶಂಕ್ರಮ್ಮನವರಿಗೆ,

ಅಕ್ಕ ಎಂದು ಬರೆಯಲು ಕೈ ಏಳುತ್ತಿಲ್ಲ. ನಾನು ಯಾರಿಗಾಗಿ ಹಗೆ ಕಟ್ಟಿಕೊಂಡೆ? ನಿನಗಾಗಿ. ನೀನು ನನ್ನ ಪತ್ರಗಳನ್ನು ಒಯ್ದು ಸಾಹುಕಾರರ ಮುಂದೆ ಹರವಿ ನನ್ನನ್ನು ಬತ್ತಲೆ ಮಾಡಿದೆ. ಹಂಪಣ್ಣ ನಿನಗೊಬ್ಬಳಿಗೆ ಸುಳ್ಳು ಹೇಳಿದ. ನೀನು ಐದು ತಿಂಗಳು ನಿನ್ನ ಒಡಹುಟ್ಟಿದವನಿಗೇ ಹೇಳಿದೆ.

ಆ ಹುಡುಗನ ಮುಂದೆ ನಾನು ಕೈ ಮುಗಿಯಬೇಕೇ? ಬರುವುದಿಲ್ಲ. ಕೆಲಸ ಹೋದರೆ ಹೋಗಲಿ.

ಉಮಾಪತಿ

ಗಂಗಾವತಿ
೨೦ ಮೇ ೧೯೪೨

ಅಕ್ಕಾ,

ಕೊಪ್ಪಳಕ್ಕೆ ಹೋಗಿ ಬಂದೆ. ನಿನ್ನ ಮಾತಿಗೆ ಅಲ್ಲ, ಅವ್ವ ಹೇಳಿಕಳಿಸಿದ್ದಕ್ಕೆ.

ಗವಿಸಿದ್ದಪ್ಪನಿಗೆ ತಪ್ಪಾಯಿತು ಎಂದೆ. ಅವನು ಎದ್ದು ನಿಂತು, ನನಗೆ ಕುರ್ಚಿ ಕೊಟ್ಟು, ಚಹಾ ತರಿಸಿದ. ಅಪ್ಪ ಅವನನ್ನು ಮನೆಯೊಳಗೆ ಸೇರಿಸುತ್ತಿಲ್ಲವಂತೆ, ಜಿನ್ನಿನ ಕೋಣೆಯಲ್ಲೇ ಇದ್ದಾನೆ. ಅದನ್ನೂ ದೂರು ಹೇಳುವ ಹಾಗೆ ಹೇಳಲಿಲ್ಲ. ಅವನನ್ನು ಕಂಡು ಮೊದಲ ಸಲ ನನಗೆ ನಾಚಿಕೆಯಾಯಿತು. ನಿನಗೆ ಆಗಿಲ್ಲವೇ?

ಕಳಕಮ್ಮ ಹೋದಳೆಂದು ಕೇಳಿದೆ. ಜೂನಿನಲ್ಲಿ ಸಾಹುಕಾರರು ನಿನ್ನನ್ನು ಮತ್ತೆ ಮಾತಾಡಿಸಲು ಕುಕನೂರಿಗೆ ಬರುತ್ತಾರಂತೆ, ಹಂಪಣ್ಣನನ್ನು ಅಂದೇ ಕಿತ್ತುಹಾಕುತ್ತಾರಂತೆ. ಅದನ್ನಾದರೂ ಕಣ್ಣು ತುಂಬ ನೋಡಿ ನನಗೆ ಬರೆ. ಅಷ್ಟು ನನಗೆ ಸಲ್ಲಬೇಕು.

ಉಮಾಪತಿ

ಕುಕನೂರು
೭ ಜುಲೈ ೧೯೪೨

ತಮ್ಮ ಉಮಾಪತಿಗೆ ಆಶೀರ್ವಾದ.

ನಾಚಿಕೆಯಾಗಿಲ್ಲವೇ ಎಂದು ಕೇಳಿದ್ದೀ. ಆಗಿದೆ. ಹುಡುಗನಿಗೆ ಎರಡು ಸಲ ಬರೆದೆ, ಉತ್ತರ ಬಂದಿದೆ. ಅಕ್ಷರ ಚೆಂದ, ಮಾತು ಕಡಿಮೆ. ನನ್ನನ್ನು ಈಗಲೂ ಅಕ್ಕಾರ ಎನ್ನುತ್ತಾನೆ. ಅದನ್ನು ಓದಿದ ಕೂಡಲೇ ಪತ್ರ ಮಡಿಸಿ ಪೆಟ್ಟಿಗೆಯ ತಳಕ್ಕೆ ಇಟ್ಟುಬಿಡುತ್ತೇನೆ. ಆದರೆ ಮತ್ತೆ ಅದೇ ದಿನ ಬಂದರೆ ಆಗಲೂ ಬೇಡ ಎಂದು ಅವನಿಗೆ ಸನ್ನೆ ಮಾಡಲಾರೆ. ನಿನಗೆ ಇನ್ನು ಸುಳ್ಳು ಬರೆಯುವುದಿಲ್ಲ.

ಸಾಹುಕಾರರು ಜೂನ್ ಎರಡನೇ ವಾರ ಬಂದರು. ಅದೇ ಸಾಲೆ, ಅದೇ ಕುರ್ಚಿ, ಮಗ್ಗುಲಲ್ಲಿ ಹಂಪಣ್ಣ. ಮಕ್ಕಳಿಗೆ ಏನು ಕಲಿಸುತ್ತೀ ಎಂದು ಅವರು ಒಂದೇ ಸಲ ಕೇಳಿದರು. ಓದು ಬರಹ ಲೆಕ್ಕ ಎಲ್ಲರೂ ಕಲಿಸುತ್ತಾರೆ, ಎದುರಿಗೆ ಯಾರು ಕೂತಿದ್ದರೂ ತನ್ನ ಮಾತನ್ನು ತಾನೇ ಆಡುವುದನ್ನು ಮೊದಲು ಕಲಿಸುತ್ತೇನೆ ಎಂದೆ. ಹೇಗೆ ಕಲಿಸುತ್ತೇನೆಂದೂ ಹೇಳಿದೆ. ಕೆಲಸ ಕೊಟ್ಟರು.

ಆಮೇಲೆ ಹಂಪಣ್ಣನನ್ನು ತೆಗೆಯುವ ಮಾತು ಬಂತು. ಅವನು ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ. ನಾನು, "ಬ್ಯಾಡ್ರಿ, ಸೆಕ್ರೆಟರಿಯಾಗಿ ಅವರ ಇರ್ಲಿ" ಎಂದೆ. ಸಾಹುಕಾರರು ಬೆರಗಾಗಿ, "ಭಾಳ ದೊಡ್ಡ ಮನಸು ನಿಂದು" ಎಂದರು. ಊರಲ್ಲೆಲ್ಲ ಈಗ ಅದೇ ಮಾತು. ಅವ್ವ ಕೂಡ ಹುಲಿಗಿಯ ಗುಡಿಗೆ ಹೋದಾಗ ನನ್ನ ಹೆಸರಿನಲ್ಲಿ ಕಾಯಿ ಒಡೆಸಿದ್ದಾಳೆ. ನೀನಾದರೂ ತಪ್ಪು ತಿಳಿಯಬೇಡ.

ಸಾಲೆಯ ಕಟ್ಟಳೆ ಒಂದಿದೆ. ಪ್ರತಿ ತಿಂಗಳ ಮೊದಲ ಸೋಮವಾರ ಸಾಲೆಯ ಅಕ್ಕೋರು ಸಭೆಯ ಮುಂದೆ ತಿಂಗಳ ವರದಿ ಹೇಳಬೇಕು. ಅವರು ಹೇಳಿದ್ದನ್ನು ಸೆಕ್ರೆಟರಿ ತನ್ನ ಕೈಯಿಂದ ಬರೆದುಕೊಳ್ಳಬೇಕು, ಬರೆದದ್ದನ್ನು ಎದ್ದು ನಿಂತು ಓದಿ ಹೇಳಬೇಕು. ಕಳಕಮ್ಮನ ಕಾಲದಲ್ಲಿ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು.

ನಿನ್ನೆ ಮೊದಲ ಸೋಮವಾರ. ನಾನು ಎರಡು ತಾಸು ಮಾತಾಡಿದೆ. ಒಂದೊಂದು ಹುಡುಗಿಯ ಹೆಸರು ಹೇಳಿದೆ, ಯಾರು ಬಾಯಿ ಬಿಟ್ಟರು, ಯಾರು ಇನ್ನೂ ಬಿಟ್ಟಿಲ್ಲ, ಯಾಕೆ ಬಿಟ್ಟಿಲ್ಲ. ಅರ್ಧಕ್ಕೇ ಅವನ ಬೆರಳು ಸೋತವು. "ಸಾಕಲ್ರಿ, ಮುಖ್ಯ ಮುಖ್ಯದ್ದು ಬರಕೋತೇನಿ" ಎಂದ. ಅವನ ಬಾಯಿಂದ ನನಗೆ ಮೊದಲ ಸಲ ಆ 'ರಿ' ಬಂತು. "ಇಲ್ರಿ, ಎಲ್ಲಾ ಬರೀರಿ" ಎಂದೆ. ಬರೆದ. ಎದ್ದು ನಿಂತು ಓದಿದ. ಎರಡು ಕಡೆ ಬಿಟ್ಟಿದ್ದ, ಮತ್ತೆ ಹೇಳಿದೆ, ಮತ್ತೆ ಬರೆದ.

ನನಗೆ ಈಗ ಮೂವತ್ತೆರಡು, ಅವನಿಗೆ ಐವತ್ತು ದಾಟಿಲ್ಲ, ಇಬ್ಬರ ಮೈಯೂ ಗಟ್ಟಿ ಇದೆ. ಅವನನ್ನು ಕಿತ್ತುಹಾಕಿಸಿದ್ದರೆ ನಾನು ಯಾರ ಮುಂದೆ ಮಾತಾಡಬೇಕಿತ್ತು, ನೀನೇ ಹೇಳು.

ನಿನ್ನ ಅಕ್ಕ
ಶಂಕ್ರಮ್ಮ